ರಿಯಾಯಿತಿಗೆ ಹೆದರುವ ಡಾಕ್ಟರ್

ಹುಮನಾಬಾದಿನ ಅರಿವಳಿಕೆ ಡಾಕ್ಟರ್ ವೀರಭದ್ರನಿಗೆ ಸೂಜಿ, ರಕ್ತ, ಸಾವು ಯಾವುದರ ಭಯವೂ ಇಲ್ಲ. ಇರುವ ಭಯವೆಲ್ಲ ರಿಯಾಯಿತಿಯದು. ಮಾಣಿಕನಗರದ ಬಾಳೆಹಣ್ಣಿನವಳು ಡಜನ್ನಿನ ಮೇಲೆ ಒಂದು ಹಣ್ಣು ಹೆಚ್ಚು ಹಾಕಿದರೆ ಅದನ್ನು ತೆಗೆದು ಅವಳ ಬುಟ್ಟಿಗೇ ಇಡುತ್ತಾನೆ. ಆಟೊದವನು ತಾನಾಗಿ ಬಾಡಿಗೆ ಇಳಿಸಿದರೆ ಹತ್ತುವುದೇ ಇಲ್ಲ. ಅಂಥವನಿಗೆ ಚಳಿದೇಶವೊಂದರ ಆಸ್ಪತ್ರೆ ಕೆಲಸ ಕೊಟ್ಟು, ಹೊರಗಿನಿಂದ ಬರುವ ಪರಿಣತರಿಗೆ ತಮ್ಮ ಸರಕಾರ ಐದು ವರ್ಷ ಅರ್ಧ ತೆರಿಗೆ ಬಿಡುತ್ತದೆಂದು ತಿಳಿಸಿದೆ. ಅಂದಿನಿಂದ ಅವನು ಒಪ್ಪಿಗೆ ಬರೆಯದೆ ದಿನ ದೂಡುತ್ತಿದ್ದಾನೆ. “ಮಾಫ್ ಮಾಡಿದ್ರ ಖುಷಿ ಪಡಬೇಕಲ್ರಿ, ಹಿಂಗ್ಯಾಕ ಬೆವರಾಕತ್ತೀರಿ?” ಎಂದು ಹೆಂಡತಿ ಮನೀಷಾ ನಗುತ್ತಾಳೆ. “ಕರದು ಕೊಡಾಕತ್ತಾರ ಅಂದ್ರ ಏನೋ ತಗೊಳ್ಳಾವ್ರು ಅದಾರ, ನಿನಗ ಗೊತ್ತಿಲ್ಲ” ಎನ್ನುತ್ತಾನೆ. ಅವನಿಗೆ ಗೊತ್ತು. ಅವನು ಬೆಳೆದದ್ದು ಬಸವಕಲ್ಯಾಣದಲ್ಲಿ, ಅಪ್ಪ ಬಕ್ಕಪ್ಪನ ಬಟ್ಟೆ ಅಂಗಡಿಯ ಗಾದಿಯ ಮೇಲೆ. ಹೊಸ ಗಿರಾಕಿ ಬಂದರೆ ಬಕ್ಕಪ್ಪ ಸೀರೆ ಬಿಚ್ಚುವ ಮೊದಲು ಅವರ ಕೂಸಿನ ಕೈಗೆ ಒಂದು ತುಂಡು ರಿಬ್ಬನ್ ಪುಕ್ಕಟೆ ಕೊಡುತ್ತಿದ್ದ. “ಕೂಸು ಹಿಡೀತು ಅಂದ್ರ ತಾಯಿ ಅಂಗಡಿ ಇಳಿಯಂಗಿಲ್ಲ” ಎಂದು ಮಗನ ಕಿವಿಯಲ್ಲಿ ಹೇಳುತ್ತಿದ್ದ. ಹಾಗೆ ಬಂದವರು ಬೆಲೆ ಏರಿದ ಮೇಲೂ ಬೇರೆ ಅಂಗಡಿಯ ಮೆಟ್ಟಿಲು ಹತ್ತಿದ್ದನ್ನು ವೀರಭದ್ರ ಕಂಡಿಲ್ಲ. ನಿನ್ನೆ ಆ ಆಸ್ಪತ್ರೆಯಿಂದ ಒಂದು ಪಾರ್ಸೆಲ್ ಬಂತು. ಒಳಗಿದ್ದದ್ದು ಪುಟ್ಟ ಮಗಳು ಪೂನಂಳ ಹೆಸರು ಹೆಣೆದ ಉಣ್ಣೆಯ ಟೊಪ್ಪಿಗೆ. ಅವಳು ಅದನ್ನು ಆಗಲೇ ತಲೆಗೆ ಹಾಕಿಕೊಂಡಳು. ಹೊರಗೆ ವೈಶಾಖದ ಬಿಸಿಲು ಕಲ್ಲನ್ನೂ ಸುಡುತ್ತಿತ್ತು. “ತೆಗಿಯವ್ವಾ, ಶೆಕಿ ಆಗ್ತದ” ಎಂದು ಅವನು ಕೈ ಚಾಚಿದ. ಮಗು ಎರಡೂ ಕೈಯಿಂದ ಟೊಪ್ಪಿಗೆಯನ್ನು ಕಿವಿ ಮುಚ್ಚುವಂತೆ ಎಳೆದುಕೊಂಡಿತು.