ಡಾಲರಿನ ಮೂಲೆಯ ಹಸಿರು ಚುಕ್ಕೆ

ಬೇಗಂಪೇಟೆಯಲ್ಲಿ ವಿದೇಶಿ ಹಣ ಬದಲಿಸಿಕೊಡುವ ಸಣ್ಣ ಅಂಗಡಿಯೊಂದಿತ್ತು. ಗಾಜಿನ ಹಿಂದೆ ಕೂರುತ್ತಿದ್ದವರು ಪಾಸ್‌ಪೋರ್ಟಿನಲ್ಲಿ ನನ್ನ ಊರು ಓದಿದ್ದೇ ಹಿಂದಿ ಬಿಟ್ಟು ಕನ್ನಡಕ್ಕಿಳಿದರು. ನನ್ನ ಅನುಮಾನ ಶುರುವಾದದ್ದೇ ಅಲ್ಲಿ. ದುಡ್ಡಿನ ಜಾಗದಲ್ಲಿ ಇಷ್ಟು ಸಲಿಗೆ ಯಾಕೆ?

ಪ್ರತಿ ನೋಟನ್ನೂ ಟ್ಯೂಬ್‌ಲೈಟಿಗೆ ಹಿಡಿದು, ಬೆರಳಿನಿಂದ ಸವರಿ, "ನೋಡ್ಕೊಂಡ ತಗೋರಿ ಸಾಹೇಬ್ರ" ಎನ್ನುವರು. ನಡುವೆ ಡ್ರಾಯರಿನತ್ತ ಬಗ್ಗುವರು. ಬಗ್ಗಿದಾಗ ಕೈ ಕಾಣುತ್ತಿರಲಿಲ್ಲ. ನಾನಂತೂ ಅಲ್ಲೇ ನಿಂತು ಎರಡು ಸಲ ಎಣಿಸುತ್ತಿದ್ದೆ.

ಒಮ್ಮೆ ಕಚೇರಿ ಕೆಲಸಕ್ಕೆ ವಿದೇಶಕ್ಕೆ ಹೋಗಿಬಂದು, ಉಳಿದ ಡಾಲರುಗಳನ್ನು ಅಲ್ಲಿಗೇ ಒಯ್ದೆ. ನನ್ನ ನೋಟು ಒಳಗಿಟ್ಟುಕೊಂಡು, ಖೋಟಾ ನೋಟು ತೋರಿಸಿ 'ಇದು ನಿಮ್ಮದೇ' ಎಂದರೆ? ಅದಕ್ಕೇ ಮನೆಯಲ್ಲೇ ಪ್ರತಿ ನೋಟಿನ ಮೂಲೆಗೂ ಪೆನ್ನಿನಿಂದ ಒಂದೊಂದು ಹಸಿರು ಚುಕ್ಕೆ ಇಟ್ಟಿದ್ದೆ.

ಮೊದಲ ನೋಟನ್ನೇ ಅವರು ಬಹಳ ಹೊತ್ತು ಬೆಳಕಿಗೆ ಹಿಡಿದರು.

"ಶಾಯಿ ಹತ್ತೇತಲ್ರಿ. ಇಂಥಾ ನೋಟ ಮುಂದ ಯಾರೂ ತಗೊಳ್ಳೂದಿಲ್ಲ. ರೇಟ್ ಕಮ್ಮಿ ಬರ್ತೈತಿ. ಯಾರ್ ಹಚ್ಚಿದ್ರು?"

"ಅಲ್ಲಿ ಬ್ಯಾಂಕಿನವರ ಹಿಂಗ ಕೊಟ್ಟಾರ್ರಿ," ಎಂದೆ.

ಅವರು ರಸೀದಿ ಬರೆದು ಮುಂದೆ ತಳ್ಳಿದರು. ಅಭ್ಯಾಸಬಲದಿಂದ ಜೇಬಿನ ಪೆನ್ನು ತೆಗೆದು ಸಹಿ ಹಾಕಿದೆ. ಅಧಿಕಾರಿಯಾದಂದಿನಿಂದ ನನ್ನದು ಹಸಿರು ಶಾಯಿಯ ಪೆನ್ನು.

ಅವರು ಸಹಿಯ ಪಕ್ಕಕ್ಕೆ ನೋಟಿನ ಮೂಲೆಯನ್ನಿಟ್ಟು ಎರಡನ್ನೂ ನೋಡಿದರು. ಆಮೇಲೆ ಸಹಿಯನ್ನು ಮೆಲ್ಲಗೆ ಊದಿ ಆರಿಸಿ, ರೂಪಾಯಿಗಳನ್ನು ಗಾಜಿನ ಕೆಳಗೆ ತಳ್ಳಿದರು.

"ನೋಡ್ಕೊಂಡ ತಗೋರಿ ಸಾಹೇಬ್ರ."

ಅವತ್ತೊಂದು ದಿನ ನಾನು ಎಣಿಸದೆ ಜೇಬಿಗೆ ಹಾಕಿಕೊಂಡೆ.