ಭಯ ಅಳೆಯುವ ಪ್ಯೋ ಡಾಕ್ಟರು
ದಕ್ಷಿಣ ಕೊರಿಯಾದ ದೇಗು ಊರಿನ ನಮ್ಮ ಆಸ್ಪತ್ರೆಯಲ್ಲಿ ಮಕ್ಕಳ ಭಯ ಅಳೆಯುವವರು ಪ್ಯೋ ಡಾಕ್ಟರು. ಹುಟ್ಟಿನಿಂದಲೇ ವಂಶವಾಹಿಯ ತುಣುಕೊಂದು ಇಲ್ಲದ, ಕಂಡವರಿಗೆಲ್ಲ ನಗುವ ಮಕ್ಕಳಿಗೆ, ತಮ್ಮ ಮುಖವೊಂದು ಸಾಲದೆಂಬಂತೆ, ತಮ್ಮ ಯಂತ್ರದ ಪರದೆಯ ಮೇಲೂ ಸಿಟ್ಟಿನ ಮುಖ ತೋರಿಸುತ್ತಾರೆ. ಮಗು ಅದನ್ನು ಲೆಕ್ಕಿಸದಿದ್ದರೆ, ಟೈ ಸರಿಮಾಡಿಕೊಂಡು "ಭಯವೇ ಇಲ್ಲ" ಎಂದು ತೀರ್ಪು ಕೊಡುತ್ತಾರೆ. ಮೊನ್ನೆ ಏಳು ವರ್ಷದ ಹಾರಿಮ್‌ಗೂ ಅದೇ ತೀರ್ಪು ಕೊಟ್ಟಾಗ ಅವಳ ತಾಯಿ, "ಕುಕ್ಕರ್ ಕೂಗಿದ್ರೂ ನಡುಗ್ತಾಳೆ ಡಾಕ್ಟ್ರೇ" ಎಂದಳು. "ಅಡುಗೆಮನೆ ಪುರಾಣ ಬೇಡಮ್ಮಾ, ನನ್ನ ಯಂತ್ರ ಸುಳ್ಳು ಹೇಳಲ್ಲ." ಅಷ್ಟರಲ್ಲಿ ಊರಿನಲ್ಲಿ ವಾಯುದಾಳಿಯ ಅಣಕು ಕವಾಯತಿನ ಸೈರನ್ ಮೊಳಗಿತು. ಹಾರಿಮ್ ಕಿವಿ ಮುಚ್ಚಿಕೊಂಡು ಮೇಜಿನಡಿ ನುಸುಳಿದಳು. ಮಂಡಿಯೂರಿ ಬಗ್ಗಿ ನೋಡಿದ ಡಾಕ್ಟರ ಮುಖ ಬಿಳಿಚಿಕೊಂಡಿತು. ಅವಳು ಗಡಗಡ ನಡುಗುತ್ತಲೇ ತನ್ನ ಕಿವಿಗಳಿಂದ ಕೈ ತೆಗೆದು ಅವರ ಕಿವಿಗಳನ್ನು ಮುಚ್ಚಿದಳು. "ಹೆದರ್ಕೋಬೇಡಿ ತಾತಾ, ಈಗ ನಿಲ್ಲುತ್ತೆ." ಸೈರನ್ ನಿಂತ ಮೇಲೂ ಪ್ಯೋ ಡಾಕ್ಟರು ಮೇಲೇಳಲಿಲ್ಲ.