ಬಣ್ಣದ ಮೇಲೆ ಬರೆ

ನಾಲೆ ಸೀಮೆಯ ಜನ ಮಲೇರಿಯಾದ ಹೊಸ ಗುಳಿಗೆಯನ್ನು ತಿಪ್ಪೆಗೆ ಎಸೆದರು, ಮೂಢರು, ಎಂದು ದೊಡ್ಡ ದೊಡ್ಡ ಡಾಕ್ಟರುಗಳು ಭಾಷಣ ಮಾಡಿದ್ದನ್ನು ನಾನು ಮುಂದಿನ ಸಾಲಿನಲ್ಲೇ ಕುಳಿತು ಕೇಳಿದ್ದೇನೆ. ಎಸೆದದ್ದು ಸುಳ್ಳಲ್ಲ. ಏಕೆ ಎಸೆದರೆಂದು ಯಾವ ಭಾಷಣಕಾರರೂ ಕೇಳಲಿಲ್ಲವಾಗಿ, ನಾನೇ ಹೇಳುತ್ತೇನೆ. ಹೇಳುವಾಗ ನಡುವೆ ಹಲ್ಲು ಕಡಿದರೆ ಓದುಗರು ಕ್ಷಮಿಸಬೇಕು.

ಯುದ್ಧದ ಕಾಲ. ಮದ್ದೂರಿನ ಹತ್ತಿರದ ಹಳ್ಳಿಯೊಂದರಲ್ಲಿ ನಾನು ಮೇಷ್ಟರು. ನಾಲೆ ಬಂದು ಕೆಲವು ವರ್ಷಗಳಾಗಿದ್ದವು. ರಾಗಿ ಹೊಲ ಗದ್ದೆಯಾಯಿತು, ಗದ್ದೆಗೆ ಕಬ್ಬು ಬಂತು, ಕಬ್ಬಿನ ಹಿಂದೆಯೇ ಶ್ರೀಮತಿ ಸೊಳ್ಳೆಯವರು ಸಪರಿವಾರ ಬಿಜಯಂಗೈದರು. ಕಚ್ಚುವುದು ಹೆಣ್ಣೇ ಅಂತೆ, ಆದ್ದರಿಂದ ಶ್ರೀಮತಿ. ಅವರ ಕೃಪೆಯಿಂದ ಮದ್ದೂರು, ಮಳವಳ್ಳಿ ಕಡೆಯ ಮನೆಮನೆಯಲ್ಲೂ ಒಬ್ಬರಲ್ಲ ಒಬ್ಬರು ಕಂಬಳಿಯೊಳಗೆ ಗಡಗಡ ನಡುಗುತ್ತ ಬಿದ್ದಿರುತ್ತಿದ್ದರು. ಕ್ವಿನೈನು ಬರುತ್ತಿದ್ದ ದ್ವೀಪಗಳನ್ನು ಜಪಾನಿನವರು ಹಿಡಿದ ಮೇಲೆ ಅದೂ ಕಣ್ಮರೆಯಾಯಿತು. ಇದ್ದಷ್ಟು ಸಿಪಾಯಿಗಳಿಗೆ, ನಮಗೆ ಕಂಬಳಿ.

ಕೆರಗೋಡಿಗೆ ಕೊಟ್ಟಿದ್ದ ನನ್ನ ಅಕ್ಕ ಈ ಚಳಿಜ್ವರದಲ್ಲಿ ಬೆಂದು, ಹೊಟ್ಟೆಯ ಎಡಕ್ಕೆ ಜ್ವರಗಡ್ಡೆ ಕಟ್ಟಿಸಿಕೊಂಡು, ಸುಧಾರಿಸಿಕೊಳ್ಳಲೆಂದು ತವರಿಗೆ ಬಂದಿದ್ದಳು. ಹಿಂದಿನ ವರ್ಷವೂ ಹೀಗೇ ಮಲಗಿದ್ದವಳು. ಇನ್ನೊಂದು ಸಲ ಮರುಕಳಿಸಿದರೆ ತಡೆಯುವ ಮೈಯಲ್ಲವೆಂಬುದು ಅವಳ ಕೈ ಹಿಡಿದ ಯಾರಿಗಾದರೂ ತಿಳಿಯುತ್ತಿತ್ತು.

ಆಗ ಬಂದರು ಸಂಶೋಧನೆಯವರು. ಮಂಡ್ಯದ ಹೊರಗೆ ಡೇರೆ ಹಾಕಿದ್ದ ಒಬ್ಬ ಡಾಕ್ಟರು, ಹಿಂದೆ ಒಬ್ಬ ಸಹಾಯಕ. ನನ್ನ ಶಾಲೆಯ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಅಂಗಿ ಎತ್ತಿಸಿ, ಹೊಟ್ಟೆ ಒತ್ತಿ ಒತ್ತಿ ಯಾರ ಗಡ್ಡೆ ಎಷ್ಟು ದಪ್ಪವೆಂದು ಬರೆದುಕೊಂಡರು. ಕಚಗುಳಿಗೆ ಮಕ್ಕಳು ಕಿಸಕ್ಕೆಂದರೆ ವಿಜ್ಞಾನಕ್ಕೆ ಅಪಚಾರವಾದೀತೆಂದು ಗದರಿದರು. ಸಂಜೆ ಚಾವಡಿಯಲ್ಲಿ ಜ್ವರದವರಿಗೆಲ್ಲ ಹಳದಿ ಗುಳಿಗೆಯ ಪೊಟ್ಟಣ ಹಂಚಿದರು. ಕ್ವಿನೈನಿಗೆ ಬದಲಾಗಿ ಕಂಡುಹಿಡಿದದ್ದು, ಮೆಪಾಕ್ರಿನ್ ಎಂದು ಹೆಸರು. "ಊಟ ಆದ ಮೇಲೆ ನುಂಗಿ. ನಡುವೆ ಬಿಡಬೇಡಿ," ಎಂದರು. ಅಷ್ಟೆ. ಮೋಟಾರು ಹತ್ತಿ ಹೋದರು.

ಮದ್ದು ಒಳ್ಳೆಯ ಮದ್ದು. ಸಿಟ್ಟಿನಲ್ಲೂ ಇದನ್ನು ಒಪ್ಪಲೇಬೇಕು. ಕೆಲವೇ ದಿನಗಳಲ್ಲಿ ಅಕ್ಕನ ನಡುಕ ನಿಂತಿತು. ಮುದ್ದೆ ಮುರಿದು ಉಂಡಳು. ಸಾರಿಗೆ ಹುಳಿ ಸಾಲದೆಂದು ಅವ್ವನೊಡನೆ ಜಗಳಕ್ಕೆ ನಿಂತಳು. ಜಗಳವಾಡುವಷ್ಟು ತ್ರಾಣ ಬಂತಲ್ಲ ಎಂದು ಅವ್ವ ಒಲೆಯ ಮುಂದೆ ಕೂತು ಕಣ್ಣೊರೆಸಿಕೊಂಡಳು.

ಆಮೇಲೆ ಅಕ್ಕ ಹಳದಿಯಾಗತೊಡಗಿದಳು.

ಮೊದಲು ಯಾರೂ ಅದನ್ನು ರೋಗವೆನ್ನಲಿಲ್ಲ. ನಮ್ಮ ಕಡೆ ಹೆಂಗಸರು ಶುಕ್ರವಾರ ಅರಿಶಿನ ತಿಕ್ಕಿ ಮೀಯುವುದು ವಾಡಿಕೆ. ಬಾವಿಕಟ್ಟೆಯಲ್ಲಿ ಪಕ್ಕದ ಮನೆಯಾಕೆ, "ಏನವ್ವ, ನಿಂಗೆ ದಿನಾ ಸುಕ್ರವಾರವಾ? ಗಂಡ ಬತ್ತಾನೇನೋ!" ಎಂದು ರೇಗಿಸಿದಳು. ಅಕ್ಕ ನಾಚಿದಳು. ಆದರೆ ಅಂಗೈ, ಅಂಗಾಲು, ಯಾರೂ ಅರಿಶಿನ ಹಚ್ಚದ ಕಡೆಯೆಲ್ಲ ಹಳದಿ ಏರಿದಾಗ ಕಟ್ಟೆಯ ನಗು ನಿಂತಿತು.

ಗಂಡನ ಬದಲು ಬಂದವರು ಅತ್ತೆ. ಸೊಸೆಯ ಅಂಗೈಗಳನ್ನು ಬೆಳಕಿಗೆ ಹಿಡಿದು ನೋಡಿ ಎದೆ ಬಡಿದುಕೊಂಡರು.

"ಅಯ್ಯೋ ನನ್ ಮಗ್ಳೇ, ಕಾಮಾಲೆ ಕಣಮ್ಮ ಇದು! ಜರ ವಾಸಿ ಮಾಡ್ಕೊಂಡ್ ಬಾ ಅಂತ ಕಳ್ಸಿದ್ರೆ ಕಾಮಾಲೆ ಅತ್ತಿಸ್ಕೊಂಡ್ ಕುಂತವ್ಳೆ!"

"ಜ್ವರ ನಿಂತದೆ ದೊಡ್ಡವ್ವ. ಗುಳಿಗೆ ಇನ್ನೂ ಮುಗ್ದಿಲ್ಲ, ಅಲ್ಲೀಗಂಟ ಇಲ್ಲೇ ಇರ್ಲಿ ಬುಡಿ," ಎಂದೆ.

"ಆ ಅಳದಿ ಗುಳಿಗೆನೇ ಕಣಪ್ಪ ರಕ್ತಕ್ಕೆ ಇಳ್ದಿರಾದು! ಅದೇನ್ ಔಸ್ದಿನಾ, ಸೀರೆಗಾಕೋ ಬಣ್ಣಾನಾ?"

ತಿಳಿಯದೆಯೇ ಅವರು ಸತ್ಯದ ಬಾಲ ಹಿಡಿದಿದ್ದರು. ಆ ಜಾತಿಯ ಮದ್ದುಗಳ ಮೂಲವೇ ಬಣ್ಣಗಳ ಸಂಶೋಧನೆಯೆಂದು ಎಷ್ಟೋ ವರ್ಷಗಳ ಮೇಲೆ ಓದಿದೆ. ಅಂದು ನನಗೂ ಏನೂ ಗೊತ್ತಿರಲಿಲ್ಲ. ಪೊಟ್ಟಣ ತಿಪ್ಪೆಗೆ ಹೋಯಿತು, ಅಕ್ಕ ಗಾಡಿ ಹತ್ತಿದಳು. ಅವಳನ್ನು ಕಂಡಿದ್ದ ಬೀದಿಯವರೂ ತಮ್ಮ ತಮ್ಮ ಪೊಟ್ಟಣಗಳನ್ನು ಅದೇ ತಿಪ್ಪೆಗೆ ಭಕ್ತಿಯಿಂದ ಸಮರ್ಪಿಸಿದರು.

ಅತ್ತೆಯ ಮನೆಯಲ್ಲಿ ಕಾಮಾಲೆಗೆ ಸಲ್ಲಬೇಕಾದ ಷೋಡಶೋಪಚಾರಗಳು ಸಾಂಗವಾಗಿ ನಡೆದವು. ಉಪ್ಪಿಲ್ಲದ ಮಜ್ಜಿಗೆ ಅನ್ನ. ನೆಲನೆಲ್ಲಿಯ ರಸ. ಕೊನೆಗೆ ಎಲ್ಲಿಂದಲೋ ಒಬ್ಬ ಮುದುಕನನ್ನು ಕರೆಸಿ, ಕುಡುಗೋಲಿನ ತುದಿ ಕೆಂಪಗೆ ಕಾಯಿಸಿ, ಮುಂಗೈ ಮೇಲೆ ಬರೆ. ಗಾಯದ ಮೇಲೆ ಬರೆ ಎಂಬ ಮಾತನ್ನು ನಾನು ಮಕ್ಕಳಿಗೆ ಕಲಿಸಿದ್ದೆ. ಬಣ್ಣದ ಮೇಲೆ ಬರೆ ಎಂಬುದು ಯಾವ ಪಾಠದಲ್ಲೂ ಇರಲಿಲ್ಲ.

ಸುದ್ದಿ ತಂದವರು ಬಾವ. ಬಾಗಿಲಲ್ಲೇ ನಿಂತು, "ಬರೆ ಆಕ್ಸುದ್ರೂ ಅಳದಿ ಓಗ್ನಿಲ್ಲ. ಜರ ಬ್ಯಾರೆ ತಿರ್ಗಾ ಬಂದದೆ. ಕಣ್ಣೇ ಬುಡ್ತಾ ಇಲ್ಲ ಕಣಪ್ಪ," ಎಂದರು. ನಾನು ಸೈಕಲ್ಲು ಹತ್ತಿ ಮಂಡ್ಯದ ಡೇರೆಗೆ ಹೋದೆ.

ಡಾಕ್ಟರು ಕಾಫಿ ಕುಡಿಯುತ್ತಿದ್ದರು.

"ಹಳದಿಯೆ? ಆಗುತ್ತೆ. ಆ ಗುಳಿಗೆಗೆ ಮೈ ಹಾಗಾಗುತ್ತೆ, ಬಿಟ್ಟ ಮೇಲೆ ನಿಧಾನವಾಗಿ ಹೋಗುತ್ತೆ. ಬರೀ ಬಣ್ಣ."

"ಕಾಮಾಲೆ ಅಲ್ಲ ಅಂತ ನಮಗೆ ಹೇಗೆ ತಿಳೀಬೇಕು ಸ್ವಾಮಿ?"

"ಕಣ್ಣು ನೋಡಿ. ಕಾಮಾಲೆಯಾದರೆ ಕಣ್ಣಿನ ಬಿಳುಪೂ ಹಳದಿಯಾಗುತ್ತೆ. ಇದರಲ್ಲಿ ಸಾಮಾನ್ಯವಾಗಿ ಆಗೋಲ್ಲ. ಎಲ್ಲರಿಗೂ ಗೊತ್ತಿರೋ ವಿಷಯ."

"ಎಲ್ಲರಿಗೂ ಅಂದರೆ?"

"ಅಂದರೆ, ಡಾಕ್ಟರುಗಳಿಗೆಲ್ಲ."

"ಆವತ್ತು ಚಾವಡಿಯಲ್ಲಿ ಒಂದು ಮಾತು ಹೇಳಬಹುದಾಗಿತ್ತು."

"ಹೇಳಿದರೆ ಹೆದರಿಕೊಂಡು ನುಂಗೋದೇ ಇಲ್ಲ, ಮೇಷ್ಟ್ರೇ. ನಿಮ್ಮ ಜನ ನಿಮಗೆ ಗೊತ್ತಿಲ್ಲವೆ?"

ಲೋಟದಲ್ಲಿ ಕಾಫಿ ಇನ್ನೂ ಬಿಸಿಯಾಗಿತ್ತು. ಅದನ್ನು ಎಲ್ಲಿ ಚೆಲ್ಲಬೇಕೆಂದು ನನಗೆ ತೋಚಿದ ಸ್ಥಳವನ್ನು ಇಲ್ಲಿ ಬರೆಯುವುದು ಉಪಾಧ್ಯಾಯ ವೃತ್ತಿಗೆ ಶೋಭಿಸದು. ಬೇರೆ ಪೊಟ್ಟಣ ಇಸಿದುಕೊಂಡು ಕೆರಗೋಡಿನ ದಾರಿ ಹಿಡಿದೆ. ತಿಳಿವಳಿಕೆಯನ್ನು ಡೇರೆಯೊಳಗೆ ಕಾಪಿಟ್ಟುಕೊಂಡು, ಊರಿಗೆ ಗುಳಿಗೆ ಮಾತ್ರ ಕಳಿಸಿದ ಆ ಜಾಣತನಕ್ಕೆ ದಾರಿಯುದ್ದಕ್ಕೂ ಬೈದೆ. ಮೇಷ್ಟರಿಗೆ ತಿಳಿದಿರಬಾರದ ಬೈಗುಳಗಳೂ ಅಂದು ತಾವಾಗಿ ನಾಲಿಗೆಗೆ ಬಂದವು.

ಅಕ್ಕ ಕಂಬಳಿಯೊಳಗೆ ನಡುಗುತ್ತಿದ್ದಳು. ಹೊರಗೆ ಚಾಚಿದ್ದ ಮುಂಗೈ ಬೊಬ್ಬೆಯೆದ್ದು ಊದಿತ್ತು. ಪೊಟ್ಟಣ ಕಂಡದ್ದೇ ಅತ್ತೆ ಅಡ್ಡ ನಿಂತರು.

"ತಿರ್ಗಾ ಅದ್ನೇ ತಂದ್ಯೇನಪ್ಪ? ಅಕ್ಕನ್ನ ಕಳ್ಸೇಬುಡಾನಾ ಅಂತ್ಲಾ?"

"ಕಾಮಾಲೆ ಅಂದ್ರೆ ಕಣ್ಣು ಅಳ್ದಿ ಇರ್ಬೇಕಲ್ಲ ದೊಡ್ಡವ್ವ. ನೋಡಿ. ಅಳ್ದಿ ಇದ್ರೆ ಈ ಗುಳಿಗೆನ ನಾನೇ ನಾಲೆಗೆ ಎಸ್ದು ಓಯ್ತೀನಿ."

ಅವರು ಬಗ್ಗಿ, ಹೆಬ್ಬೆರಳಿನಿಂದ ಸೊಸೆಯ ಕೆಳರೆಪ್ಪೆ ಎಳೆದರು. ಇನ್ನೊಂದು ಕಣ್ಣನ್ನೂ ಎಳೆದು ನೋಡಿದರು. ಆಮೇಲೆ ಅಲ್ಲೇ ನೆಲದ ಮೇಲೆ ಕುಸಿದರು.

"ಕಣ್ ಬೆಳ್ಳಗೇ ಅವೆಯಲ್ಲಪ್ಪ! ಕಾಮಾಲೆಗೆ ಮೊದ್ಲು ಕಣ್ ನೋಡ್ಬೇಕು ಅನ್ನಾದು ನಂಗೂ ಗೊತ್ತಿತ್ತು. ಕೈ ನೋಡ್ದೇಟ್ಗೇ ಎದುರ್ಕಬುಟ್ಟೆ. ಆ ಡಾಕುಟ್ರು ಒಂದ್ ಮಾತ್ ಯೋಳಿದ್ರೆ ಏನ್ ಅವ್ನ ಗಂಟು ಓಯ್ತಿತ್ತು?"

"ಡಾಕ್ಟ್ರಿಗೆ ಸಾಪ ಆಮ್ಯಾಕ್ ಆಕಿ ಅತ್ತೆ," ಎಂದಿತು ಕಂಬಳಿ. "ಒಸಿ ಗಂಜಿ ಕೊಡಿ, ಉಪ್ಪಾಕಿ. ಗುಳಿಗೆ ನುಂಗ್ಬೇಕು."

ಉಪ್ಪು ಬಿತ್ತು, ಗಂಜಿ ಇಳಿಯಿತು, ಗುಳಿಗೆಯೂ ಇಳಿಯಿತು. ಜ್ವರ ಬಿಟ್ಟು ಅಕ್ಕ ಎದ್ದು ಕೂರುವಂತಾದ ಮೇಲೆ ಅತ್ತೆ ಗಾಡಿ ಕಟ್ಟಿಸಿದರು. ಸೊಸೆಯನ್ನು ಹುಲ್ಲಿನ ಮೇಲೆ ಮಲಗಿಸಿಕೊಂಡು, ನನ್ನನ್ನೂ ಹತ್ತಿಸಿಕೊಂಡು, ನೇರವಾಗಿ ಡೇರೆಗೆ ಬಂದರು. ಬರೆಯ ಕೈಯನ್ನು ಡಾಕ್ಟರ ಮೇಜಿನ ಮೇಲೆ, ಬರೆಯುತ್ತಿದ್ದ ಕಾಗದದ ಮೇಲೆಯೇ ಇಡಿಸಿದರು.

"ಮಕ್ಳ ಒಟ್ಟೆ ಗಡ್ಡೆ ಬರ್ಕಂಡ್ರಂತಲ್ಲ ಸ್ವಾಮಿ. ಇದ್ನೂ ಬರ್ಕಳಿ."

ಡಾಕ್ಟರು ಕನ್ನಡಕ ಸರಿಮಾಡಿಕೊಂಡು ಗಂಭೀರವಾಗಿ, "ಬರೆ ಹಾಕೋದು ಮೌಢ್ಯ, ತಾಯಿ," ಎಂದು ಉಪದೇಶಕ್ಕೆ ತೊಡಗಿದರು.

"ಊಂ ಸ್ವಾಮಿ. ನಾನು ಓದ್ದೇ ಇರೋಳು, ಕುಡ್ಗೋಲಲ್ಲಿ ಸುಟ್ಟೆ. ನೀವು ಓದ್ದೋರು, ಬಾಯ್ ಮುಚ್ಕಂಡ್ ಸುಟ್ರಿ."

ಡಾಕ್ಟರು ಸಹಾಯಕನ ಕಡೆ ತಿರುಗಿ, "ಮುಂದಿನವರನ್ನು ಕರಿ," ಎಂದರು.

ಅಕ್ಕ ಕದಲಲಿಲ್ಲ. ಕೈಯನ್ನೂ ಕಾಗದದ ಮೇಲಿಂದ ತೆಗೆಯಲಿಲ್ಲ.

"ಅಂಗಂದ್ರಾಗಕಿಲ್ಲ. ನಾನಿನ್ನೂ ನುಂಗ್ಬೇಕಾಗಿರೋ ಗುಳಿಗೆ ಕೊಡಿ. ಅದ್ರಿಂದ ಇನ್ನೂ ಏನೇನಾಯ್ತದೆ ಅನ್ನಾದ ನಮ್ ಬಾಸೇಲಿ ಯೋಳಿ. ಅಲ್ಲೀಗಂಟ ನಾನು ಏಳಾಕಿಲ್ಲ."